ಹಳೆಯ ಸೈಕಲ್ಲಿನ ವಿಕ್ರಯ



ಮಾರುವ ವಿದ್ಯೆಯಲ್ಲಿ ನನಗೆ ಪರಿಶ್ರಮ ಕಡಮೆ. ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ಅಲ್ಲಿ ಕೊಡುವುದುಂಟು, ತೆಗೆದುಕೊಳ್ಳುವವರೂ ಕೆಲವರುಂಟು, ಆದರೆ ಚೌಕಾಸಿಯಿಲ್ಲ. ಇಂಥ ನಾನು ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮ ತಂದೆಯವರ ಹಳೆಯ ಸೈಕಲನ್ನು ಮಾರಲು ಹೊರಟೆ. ಸಂಗತಿ ಚಿಕ್ಕದು. ಆದರೆ ಅದನ್ನು ಮಾಡಿ ಮುಗಿಸುವಷ್ಟರಲ್ಲಿ, ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದ ಎರಡು ಮೂರು ಶಬ್ದಗಳ ಅರ್ಥ ನನಗೇ ಹೊಸದಾಗಿ ತಿಳಿಯಿತು. ಆದುದರಿಂದ ಈ ಹೊತ್ತು ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮಾರುವುದಕ್ಕೆ ಕಾರಣ ಸರಳವಾದದ್ದು. ಕದ್ರಿಯಲ್ಲಿದ್ದ ನಮ್ಮ ಹೆಂಚಿನ ಮನೆಯನ್ನು ಬಿಟ್ಟು ನಾವು ನಾಲ್ಕನೆಯ ಮಾಳಿಗೆಯ ಒಂದು ಫ್ಲಾಟಿಗೆ ಹೋಗಬೇಕಾಗಿತ್ತು. ಹಳೆಯ ಮನೆಗೆ ಚಾವಡಿಯಿತ್ತು, ಹಿತ್ತಿಲಿತ್ತು, ಹಿತ್ತಿಲಲ್ಲಿ ಕಟ್ಟಿಗೆ ಒಟ್ಟುವ ಕೊಟ್ಟಿಗೆಯಿತ್ತು. ಕಟ್ಟಿಗೆಯ ಕಾಲ ಮುಗಿದು ಗ್ಯಾಸು ಬಂದ ಮೇಲೆ ಆ ಕೊಟ್ಟಿಗೆ ಸೈಕಲ್ಲಿನದಾಗಿತ್ತು. ಹೊಸ ಮನೆಯಲ್ಲಿ ಮನುಷ್ಯರಿಗೆ ಬೇಕಾದ ಎಲ್ಲ ಅನುಕೂಲವೂ ಇದೆ. ಬೇಡವಾದುದನ್ನು ಇಟ್ಟುಕೊಳ್ಳುವ ಅನುಕೂಲ ಮಾತ್ರ ಇಲ್ಲ.

ನಮ್ಮ ತಂದೆಯವರು ಬೋಳಾರದ ಕಡೆಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಮಂಗಳೂರಿನ ಹೆಂಚು ಹೆಸರಾದದ್ದು ಬಾಸೆಲ್ ಮಿಶನ್ನಿನವರಿಂದ; 1865ರ ಇಸವಿಯನ್ನು ಒತ್ತಿದ ಅವರ ಹೆಂಚುಗಳು ಇಂದಿಗೂ ಹಳೆಯ ಮಾಡುಗಳಲ್ಲಿ ಸಿಗುತ್ತವೆ. ಆಮೇಲೆ ನೇತ್ರಾವತಿ, ಗುರುಪುರ ನದಿಗಳ ದಡದಲ್ಲಿ ಅನೇಕ ಕಾರ್ಖಾನೆಗಳು ಎದ್ದವು. ಆವೆಮಣ್ಣು ದೋಣಿಯಲ್ಲಿ ಬರಬೇಕು, ಸುಟ್ಟ ಹೆಂಚು ನೀರಿನ ದಾರಿಯಲ್ಲೇ ಹೋಗಬೇಕು. ಆದುದರಿಂದ ಕಾರ್ಖಾನೆಗಳಿದ್ದದ್ದು ತಗ್ಗಿನಲ್ಲಿ, ಹೊಳೆಯ ಬದಿಯಲ್ಲಿ. ನಮ್ಮ ಮನೆಯಿದ್ದದ್ದು ಎತ್ತರದಲ್ಲಿ, ಕದ್ರಿ ಗುಡ್ಡದ ಮಗ್ಗುಲಲ್ಲಿ. ಹೀಗಾಗಿ ತಂದೆಯವರಿಗೆ ಬೆಳಿಗ್ಗೆ ಹೊಟ್ಟೆ ತುಂಬಿದಾಗ ಇಳಿಜಾರು, ಸಂಜೆ ದಣಿದಾಗ ಏರು. ಬಲ್ಮಠದ ಏರಿನಲ್ಲಿ ಅವರು ಸೈಕಲಿನಿಂದ ಇಳಿದು ಅದನ್ನು ತಳ್ಳಿಕೊಂಡು ಬರುತ್ತಿದ್ದರು. ಗೇರುಗಳಿಲ್ಲದ ಆ ಭಾರದ ಸೈಕಲು ತಗ್ಗಿನಲ್ಲಿ ಮನುಷ್ಯನನ್ನು ಹೊರುತ್ತದೆ, ಏರಿನಲ್ಲಿ ಮನುಷ್ಯನಿಂದ ಸೇವೆ ಮಾಡಿಸಿಕೊಳ್ಳುತ್ತದೆ. ಅದೊಂದು ನ್ಯಾಯವೆಂದೇ ಅವರು ತಿಳಿದಿದ್ದರೋ ಏನೋ, ಒಂದು ದಿನವೂ ಗೊಣಗಿದ್ದನ್ನು ನಾನು ಕೇಳಲಿಲ್ಲ.

ಆ ಸೈಕಲನ್ನು ಅವರು ಕೊಂಡದ್ದು 1956ರಲ್ಲಿ, ನಾನು ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು. ನಮ್ಮ ಜಿಲ್ಲೆ ಮದರಾಸು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ಕಪ್ಪು ಬಣ್ಣದ ಎತ್ತರದ ಚೌಕಟ್ಟು, ಅದರ ಮೇಲೆ ಕೈಯಿಂದ ಎಳೆದ ತೆಳ್ಳನೆಯ ಚಿನ್ನದ ಗೆರೆ, ಸರಿಗೆಯ ಬದಲು ಸಲಾಕೆಗಳಿಂದ ಎಳೆಯುವ ಬ್ರೇಕು, 28 ಇಂಚಿನ ಚಕ್ರ, ಚರ್ಮದ ಸೀಟು, ಹ್ಯಾಂಡಲ್ಲಿನ ಕೆಳಗೆ ಎದುರಿಗೇ ಕಾಣುವಂತೆ ಕೊಕ್ಕರೆಯ ತಲೆಯಿದ್ದ ಹಿತ್ತಾಳೆಯ ಬಿಲ್ಲೆ: ಇದು ಅದರ ರೂಪ. ನಡುವಿನ ಬಾರಿನ ಮೇಲೆ ಒಂದು ಪುಟ್ಟ ಮಕ್ಕಳ ಸೀಟು. ಅದು ಸೈಕಲಿನ ಜತೆಗೆ ಬಂದದ್ದಲ್ಲ, ನನಗಾಗಿ ಆಮೇಲೆ ಬಂದದ್ದು. ಅದರ ಮೇಲೆ ಕುಳಿತು ಹ್ಯಾಂಡಲ್ಲನ್ನು ಹಿಡಿದುಕೊಂಡಾಗ ಸೈಕಲನ್ನು ನಡೆಸುತ್ತಿರುವವನು ನಾನೇ ಎಂದು ನನಗೆ ಬಹುಕಾಲ ಭ್ರಮೆಯಿತ್ತು. ಮುಂದೆ ನೆಹರೂ ಮೈದಾನದಲ್ಲಿ ಅದೇ ಸೈಕಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು, ಮೊಣಕಾಲು ಕೆತ್ತಿಸಿಕೊಂಡು ಕಲಿತಾಗ ಆ ಭ್ರಮೆ ಹೋಯಿತು.

ಇಂಥ ಸೈಕಲು ಕೊಟ್ಟಿಗೆಯಲ್ಲಿ ಇಪ್ಪತ್ತೈದು ಮಳೆಗಾಲ ನಿಂತಿತ್ತು. ಮಂಗಳೂರಿನ ಮಳೆಗಾಲವೆಂದರೆ ಏನೆಂದು ಇಲ್ಲಿಯ ಕೇಳುಗರಿಗೆ ಹೇಳಬೇಕಾಗಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ನೀರು, ಅದರ ಮೇಲೆ ಕಡಲಿನ ಉಪ್ಪುಗಾಳಿ. ‘ಜೀರ್ಣ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಹಳತಾದುದು, ಸವೆದುದು ಎಂದು ಅರ್ಥ. ಅನ್ನ ಅರಗುವುದಕ್ಕೂ ಅದೇ ಶಬ್ದ. ಎರಡೂ ಒಂದೇ ಧಾತುವಿನಿಂದ ಬಂದವು. ಇದನ್ನು ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಆದರೆ ಆ ದಿನ ಸೈಕಲನ್ನು ಬೆಳಕಿಗೆ ಎಳೆದು ತಂದಾಗ ಅದು ಕಣ್ಣಿಗೆ ಕಂಡಿತು. ನಮ್ಮ ಊರಿನ ಹವೆಗೆ ಜೀರ್ಣಶಕ್ತಿ ಬಲವಾದದ್ದು. ಕಬ್ಬಿಣವನ್ನು ಅದು ನಿಧಾನವಾಗಿ ಉಣ್ಣುತ್ತದೆ. ಮಡ್ಗಾರ್ಡಿನ ಅಂಚು ಹಪ್ಪಳದಂತೆ ಪುಡಿಯಾಗಿತ್ತು. ರಿಮ್ಮಿನ ಹೊಳಪು ಲೇಪ ಎದ್ದು ಕೆಳಗಿನ ಉಕ್ಕು ಕೆಂಪಾಗಿತ್ತು. ಸೀಟಿನ ಚರ್ಮ ಬೂಸಲು ಹಿಡಿದು ಸೆಟೆದುಕೊಂಡಿತ್ತು. ಚೈನು ಒಂದೇ ಕೋಲಿನಂತೆ ನಿಂತಿತ್ತು. ಪೆಡಲಿನ ತೋಳನ್ನು ಬಿಗಿದಿಡುವ ಕಾಟರು ಮೊಳೆ ಯಾವ ಸುತ್ತಿಗೆಗೂ ಜಗ್ಗುವಂತಿರಲಿಲ್ಲ.

ಗುಜರಿಯವನು ಬಂದು ಕೈಯಲ್ಲೇ ತೂಗಿ ನೋಡಿ, ಐನೂರು ರೂಪಾಯಿ ಎಂದ. ನನಗೆ ಸಿಟ್ಟು ಬಂತು. ಸಿಟ್ಟು ಬರಲು ಕಾರಣವಿತ್ತು. ಹಳೆಯ ಸೈಕಲುಗಳನ್ನು ಹುಡುಕಿ ಕೊಂಡು, ದುರಸ್ತಿ ಮಾಡಿ ಇಟ್ಟುಕೊಳ್ಳುವ ಹವ್ಯಾಸಿಗಳು ಇಂದು ಬೆಂಗಳೂರು, ಮೈಸೂರು ಮೊದಲಾದ ಕಡೆ ಇದ್ದಾರೆ. ಅವರು ಒಳ್ಳೆಯ ಬೆಲೆ ಕೊಡುತ್ತಾರೆಂದು ನನ್ನ ಮಗಳು ಹೇಳಿದ್ದಳು. ಅಲ್ಲದೆ ನಮ್ಮದು ಸಾಮಾನ್ಯ ಸೈಕಲಲ್ಲ, ಇಂಗ್ಲೆಂಡಿನ ರಾಲಿ. ಇದು ನಮ್ಮ ಮನೆಯಲ್ಲಿ ಎಲ್ಲರೂ ಬಲ್ಲ ವಿಷಯ. ನಾನೂ ಗೆಳೆಯರೊಡನೆ ಹಾಗೆಂದೇ ಹೇಳಿಕೊಂಡು ಬಂದವನು.

ಆದುದರಿಂದ ಜಾಹೀರಾತು ಬರೆಯಲು ಕುಳಿತೆ. ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ಲಾಕ್ಷಣಿಕರು ಹೇಳುತ್ತಾರೆ. ಜಾಹೀರಾತಿನಲ್ಲಿ ಅಷ್ಟಕ್ಕೆ ಸ್ಥಳವಿಲ್ಲ, ಆದರೆ ಆಸೆಯೇನೋ ಅಷ್ಟೇ ಇರುತ್ತದೆ. ನನ್ನ ಮೊದಲ ಕರಡು ಹೀಗಿತ್ತು: ‘ಇಂಗ್ಲೆಂಡಿನಲ್ಲಿ ತಯಾರಾದ, ಒಬ್ಬರೇ ಬಳಸಿದ, ಅಪೂರ್ವವಾದ ಹಳೆಯ ಸೈಕಲು ಮಾರಾಟಕ್ಕಿದೆ. ಅಲ್ಪ ದುರಸ್ತಿ ಅವಶ್ಯ.’ ಮಗಳು ಓದಿ, ‘ಅಪ್ಪ, ಅಲ್ಪ ಅಂದರೆ ಎಷ್ಟು?’ ಎಂದು ಕೇಳಿದಳು. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ‘ಅದ್ಭುತ’, ‘ಅಮೋಘ’ ಎಂಬ ವಿಶೇಷಣಗಳ ಕೆಳಗೆ ಕೆಂಪು ಗೆರೆ ಎಳೆದು, ‘ಪ್ರಮಾಣ ಕೊಡಿ’ ಎಂದು ಬರೆಯುತ್ತಿದ್ದವನು ನಾನು. ಆ ಗೆರೆ ಈಗ ನನ್ನ ‘ಅಲ್ಪ’ದ ಕೆಳಗೆ ಬಿತ್ತು. ಆದರೂ ಅಳಿಸಲಿಲ್ಲ. ಜಾಹೀರಾತು ಹಾಗೆಯೇ ಹೋಯಿತು.

ನಾಲ್ಕನೆಯ ದಿನ ಬೆಂಗಳೂರಿನಿಂದ ಒಬ್ಬರು ಫೋನು ಮಾಡಿದರು. ಮಾತು ಸಭ್ಯವಾಗಿತ್ತು. ಇಂಗ್ಲೆಂಡಿನದೇ ಆಗಿದ್ದರೆ ಹದಿನೆಂಟು ಸಾವಿರ ಕೊಡುವುದಾಗಿ ಹೇಳಿ, ಹೊರಡುವ ಮೊದಲು ಹ್ಯಾಂಡಲ್ಲಿನ ಕೆಳಗಿನ ಬಿಲ್ಲೆಯನ್ನೂ ಚೌಕಟ್ಟಿನಲ್ಲಿ ಒತ್ತಿದ ಸಂಖ್ಯೆಯನ್ನೂ ಒರಸಿ ಓದಿ ತಿಳಿಸಬೇಕೆಂದು ಕೇಳಿದರು. ಅದರಂತೆ ನಾನು ಬಂದರಿನ ಕಡೆಯಿಂದ ಒಬ್ಬ ಹಿರಿಯ ಸೈಕಲ್ ರಿಪೇರಿಯವರನ್ನು ಕರೆಸಿದೆ. ಅವರು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಬಿಲ್ಲೆಯನ್ನು ಬಹಳ ಹೊತ್ತು ಉಜ್ಜಿದರು. ಆಮೇಲೆ ಕನ್ನಡಕ ಹಣೆಗೇರಿಸಿ ನನ್ನ ಕಡೆ ನೋಡಿದರು.

‘ಸರ್, ಇದು ಬಿಲಾಯತಿಯದ್ದಲ್ಲ. ಇಂಡಿಯಾದ್ದು. ಇಲ್ಲಿ ಬರೆದದ್ದುಂಟು. ನಿಮಗೆ ಓದಲಿಕ್ಕೆ ಬರ್ತದಲ್ಲ, ಓದಿ ನೋಡಿ.’

ಓದಲಿಕ್ಕೆ ಬರುತ್ತಿತ್ತು. ಅರವತ್ತು ವರ್ಷವೂ ಅದು ಅಲ್ಲಿಯೇ ಇತ್ತು. ಓದಿರಲಿಲ್ಲ, ಅಷ್ಟೇ.

ಇದರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಇಂದು ನಾವು ಕಾಣುವ, ಎರಡು ಸಮನಾದ ಚಕ್ರಗಳ, ಹಿಂದಿನ ಚಕ್ರವನ್ನು ಚೈನು ತಿರುಗಿಸುವ ಸೈಕಲಿನ ಮಾದರಿಯನ್ನು ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೂಪಿಸಿದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಸಿದ್ಧಪಡಿಸಿದ. ಅದೇ ಕಾಲದಲ್ಲಿ ನಾಟಿಂಗ್‌ಹ್ಯಾಮ್ ಊರಿನ ರಾಲಿ ಎಂಬ ಬೀದಿಯಲ್ಲಿದ್ದ ಒಂದು ಸಣ್ಣ ಕಾರ್ಖಾನೆಯನ್ನು ಫ್ರಾಂಕ್ ಬೌಡನ್ ಎಂಬವನು ಕೊಂಡು ಬೆಳೆಸಿದ. ಬೀದಿಯ ಹೆಸರೇ ಸೈಕಲಿನ ಹೆಸರಾಯಿತು. ನಮ್ಮ ದೇಶ ಸ್ವತಂತ್ರವಾದ ಮೇಲೆ ಸೈಕಲನ್ನು ಹೊರಗಿನಿಂದ ತರಿಸುವ ಬದಲು ಇಲ್ಲಿಯೇ ಮಾಡಬೇಕೆಂಬ ಪ್ರಯತ್ನ ಬಲವಾಯಿತು. ಮದರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಹುಟ್ಟಿದವು. ಬಂಗಾಳದ ಅಸನ್‌ಸೋಲಿನ ಬಳಿ, ರಾಲಿ ಕಂಪೆನಿಯ ಸಹಯೋಗದಿಂದ ಸೆನ್-ರಾಲಿ ಎಂಬ ಕಾರ್ಖಾನೆ ನಡೆಯಿತು. ಹೆಸರು ಅದೇ, ಕೊಕ್ಕರೆಯ ತಲೆ ಅದೇ. ಮಾಡಿದ ಕೈ ಮಾತ್ರ ನಮ್ಮದು. ಮುಂದೆ 1980ರಲ್ಲಿ ಸೆನ್-ರಾಲಿ ರಾಷ್ಟ್ರೀಕರಣವಾಯಿತು, ಕೊನೆಗೆ ಮುಚ್ಚಿಹೋಯಿತು. ನಾಟಿಂಗ್‌ಹ್ಯಾಮಿನಲ್ಲಿಯೂ ರಾಲಿ ಸೈಕಲಿನ ತಯಾರಿಕೆ 2002ರಲ್ಲಿ ನಿಂತಿತು. ಹಿರಿದು ಕಿರಿದೆಂದು ನಾವು ಹೋಲಿಸುತ್ತಿದ್ದ ಎರಡು ಕಾರ್ಖಾನೆಗಳಿಗೂ ಕಾಲ ಒಂದೇ ಗತಿಯನ್ನು ಕೊಟ್ಟಿತು.

ನನ್ನ ಮನಸ್ಸು ಒಪ್ಪಲಿಲ್ಲ. ತಂದೆಯವರನ್ನು ಅಂಗಡಿಯವರು ವಂಚಿಸಿರಬೇಕು ಎನ್ನಿಸಿತು. ಮನೆ ಬದಲಿಸುವ ಗಡಿಬಿಡಿಯಲ್ಲಿ ಅವರ ಲೆಕ್ಕದ ಪುಸ್ತಕಗಳು ಹೇಗೂ ಪೆಟ್ಟಿಗೆಯಿಂದ ಹೊರಬಂದಿದ್ದವು. 1956ರ ಪುಸ್ತಕವನ್ನು ತೆರೆದೆ. ಅವರ ದುಂಡಾದ ಅಕ್ಷರದಲ್ಲಿ ಹೀಗಿತ್ತು: ಸೈಕಲು, ಸೆನ್-ರಾಲಿ, ಇಂಡಿಯಾ ಮೇಕು, ರೂಪಾಯಿ 210, ಆಣೆ 8. ಮುಂಗಡ ರೂಪಾಯಿ 60, ಆಣೆ 8. ಉಳಿದದ್ದು ತಿಂಗಳಿಗೆ 15ರಂತೆ ಹತ್ತು ಕಂತು. ಅದೇ ಪುಟದ ಮೇಲ್ಭಾಗದಲ್ಲಿ ಸಂಬಳ: ರೂಪಾಯಿ 80.

ಅವರಿಗೆ ಗೊತ್ತಿತ್ತು. ಅಂಗಡಿಯವರು ಮೋಸ ಮಾಡಿರಲಿಲ್ಲ. ‘ಇಂಗ್ಲೆಂಡಿನ ಸೈಕಲು’ ಎಂದು ಅವರ ಬಾಯಿಂದ ನಾನು ಯಾವತ್ತು ಕೇಳಿದ್ದೆ ಎಂದು ನೆನಪು ಮಾಡಿಕೊಂಡೆ. ಒಂದು ಸಲವೂ ಇಲ್ಲ. ಆ ಮಾತು ಶಾಲೆಯಲ್ಲಿ ಓರಗೆಯವರ ಮುಂದೆ ಮೊದಲು ಆಡಿದವನು ಬಹುಶಃ ನಾನೇ. ಗುಮಾಸ್ತರ ಮಗನಿಗೆ ಹೇಳಿಕೊಳ್ಳಲು ಏನಾದರೂ ಬೇಕಾಗಿತ್ತು. ಹೇಳಿ ಹೇಳಿ ಅದು ನಮ್ಮ ಮನೆಯ ಇತಿಹಾಸವಾಯಿತು. ಕೊನೆಗೆ ಮುದ್ರಣಕ್ಕೂ ಹೋಯಿತು. ಐತಿಹ್ಯ ಹುಟ್ಟುವ ಬಗೆಯನ್ನು ನಾನು ತರಗತಿಯಲ್ಲಿ ಬೇರೆಯವರ ಉದಾಹರಣೆಗಳಿಂದ ವಿವರಿಸುತ್ತಿದ್ದೆ.

ಎಂಬತ್ತು ರೂಪಾಯಿ ಸಂಬಳದ ಮನುಷ್ಯ ಹತ್ತು ತಿಂಗಳು ಕಂತು ಕಟ್ಟಿ ಕೊಂಡ ಸೈಕಲಿಗೆ ಇಂಗ್ಲೆಂಡಿನ ಗೌರವ ಬೇಕಾಗಿರಲಿಲ್ಲ. ಆ ಗೌರವವನ್ನು ಅಂಟಿಸಿ ನಾನು ಅವರ ಕಂತುಗಳನ್ನು ಮರೆಸಿದ್ದೆ. ಬಿಲ್ಲೆಯ ಮೇಲಿನ ಕಿಲುಬಿಗಿಂತ ನನ್ನ ಮಾತಿನ ಕಿಲುಬು ದಪ್ಪವಾಗಿತ್ತು.

ಬೆಂಗಳೂರಿನವರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಉಪಕಾರವೆಂದರು, ತಾವು ಸಂಗ್ರಹಿಸುತ್ತಿರುವುದು ನಾಟಿಂಗ್‌ಹ್ಯಾಮಿನವನ್ನು ಮಾತ್ರ ಎಂದರು. ಆ ದಿನ ರಾತ್ರಿ ಜಾಹೀರಾತನ್ನು ಬೇರೆಯಾಗಿ ಬರೆದೆ: ‘1956ರ ಸೆನ್-ರಾಲಿ ಸೈಕಲು. ಭಾರತದಲ್ಲಿ ತಯಾರಾದುದು. ಚೌಕಟ್ಟು ಗಟ್ಟಿ. ಮಡ್ಗಾರ್ಡು, ರಿಮ್ಮು, ಚೈನು, ಸೀಟು ಕೆಟ್ಟಿವೆ. ಕಾಟರು ಮೊಳೆ ಸಿಕ್ಕಿಕೊಂಡಿದೆ. ಬಣ್ಣ ಮೂಲದ್ದು, ಬಹುಭಾಗ ಹೋಗಿದೆ.’ ಮಗಳು ಓದಿ ಏನೂ ಕೇಳಲಿಲ್ಲ.

ಈ ಕೊನೆಯ ವಾಕ್ಯದ ಬಗ್ಗೆ ಒಂದು ಮಾತು. ಮಾರುವ ಮೊದಲು ಒಂದು ಸಲ ಕಪ್ಪು ಬಣ್ಣ ಬಳಿಸಿಬಿಡಿ, ಹೊಸದರಂತೆ ಕಾಣುತ್ತದೆ ಎಂದು ಹಲವರು ಸಲಹೆಯಿತ್ತರು. ರಿಪೇರಿಯವರು ಬೇಡವೆಂದರು. ‘ಬಣ್ಣದ ಅಡಿಯಲ್ಲಿ ತುಕ್ಕು ಉಂಟಾ, ತೂತು ಉಂಟಾ, ಯಾರಿಗೆ ಗೊತ್ತಾಗ್ತದೆ? ತೆಕ್ಕೊಳ್ಳುವವನಿಗೆ ಅದು ಕಾಣಬೇಕು ಸರ್’ ಎಂಬುದು ಅವರ ವಾದ. ಕೆಟ್ಟ ಭಾಗಗಳನ್ನು ಕೂಡ ಎಸೆಯಬಾರದು, ಡಬ್ಬಿಯಲ್ಲಿ ಹಾಕಿ ಜತೆಗೇ ಕೊಡಬೇಕು. ಅವು ಅಳತೆಗೆ, ಮಾದರಿಗೆ ಬೇಕಾಗುತ್ತವೆ ಎಂದೂ ಹೇಳಿದರು. ಇನ್ನೊಂದು ಸಂಗತಿ ಅವರಿಂದ ತಿಳಿಯಿತು. ನಮ್ಮ ದೇಶದ ಸಾಮಾನ್ಯ ಸೈಕಲಿನ ಮಾದರಿ ದಶಕಗಟ್ಟಲೆ ಬದಲಾಗದೆ ನಡೆದು ಬಂದುದರಿಂದ, ಆ 28 ಇಂಚಿನ ಟೈರು, ಸಲಾಕೆಯ ಬ್ರೇಕು, ಕಾಟರು ಮೊಳೆ ಇವೆಲ್ಲ ಇಂದಿಗೂ ಅಂಗಡಿಯಲ್ಲಿ ಸಿಗುತ್ತವೆ. ಓಡುವಂತೆ ಮಾಡುವುದು ಕಷ್ಟವಲ್ಲ. ಹಿಂದಿನಂತೆ ಮಾಡುವುದು ಕಷ್ಟ.

ಇಲ್ಲಿ ನನಗೆ ನಮ್ಮ ಶಾಸನಗಳ ಒಂದು ಮಾತು ನೆನಪಾಯಿತು. ದೇವಾಲಯಗಳಿಗೆ, ಬಸದಿಗಳಿಗೆ ದತ್ತಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಬಿಟ್ಟೆವು ಎಂದು ಬರೆಸುತ್ತಿದ್ದರು. ಖಂಡವೆಂದರೆ ಒಡೆದುದು, ಸ್ಫುಟಿತವೆಂದರೆ ಬಿರುಕು ಬಿಟ್ಟುದು. ಅವುಗಳನ್ನು ಸರಿಪಡಿಸಿ ಎತ್ತಿ ನಿಲ್ಲಿಸುವುದು ಉದ್ಧಾರ. ಗಮನಿಸಬೇಕಾದದ್ದೇನೆಂದರೆ, ಅಲ್ಲಿ ಒಡೆದ ಜಾಗಕ್ಕೆ ಮೊದಲು ಹೆಸರು ಕೊಟ್ಟಿದ್ದಾರೆ, ಉದ್ಧಾರದ ಮಾತು ಆಮೇಲೆ. ಈಗ ನಮ್ಮ ಕರಾವಳಿಯಲ್ಲಿ ಜೀರ್ಣೋದ್ಧಾರವೆಂದರೆ ಹಳೆಯ ಮಾಡನ್ನೂ ಮರದ ಕೆಲಸವನ್ನೂ ತೆಗೆದು ಹೊಸದಾಗಿ ಕಟ್ಟುವುದೆಂಬ ಅರ್ಥ ಎಷ್ಟೋ ಕಡೆ ಬಂದುಬಿಟ್ಟಿದೆ. ಅದು ಭಕ್ತಿಯಿಂದಲೇ ಆಗುವ ಕೆಲಸ. ಆದರೆ ಅದಕ್ಕೆ ನವನಿರ್ಮಾಣವೆಂದು ಹೆಸರಿಟ್ಟರೆ ಶಬ್ದಕ್ಕೆ ನ್ಯಾಯ ಸಲ್ಲುತ್ತದೆ. ನಮ್ಮ ಕದ್ರಿಯಲ್ಲಿಯೇ ಆಳುಪ ಕುಂದವರ್ಮನು 968ರಲ್ಲಿ ಸ್ಥಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಸಾವಿರ ಮಳೆಗಾಲಗಳನ್ನು ಕಂಡ ಆ ಮೂರ್ತಿಯನ್ನು ಕರಗಿಸಿ ಹೊಸದಾಗಿ ಎರಕ ಹೊಯ್ಯೋಣವೆಂದು ಯಾರಾದರೂ ಹೇಳಿದರೆ ನಾವು ಒಪ್ಪುವೆವೇ? ಕಂಚಿಗೆ ಇರುವ ಆಯುಸ್ಸು ಕಬ್ಬಿಣಕ್ಕಿಲ್ಲ, ನಿಜ. ದೇವರಿಗೂ ಸೈಕಲಿಗೂ ಸಾಟಿಯಿಲ್ಲ, ಅದೂ ನಿಜ. ಆದರೆ ಇದ್ದದ್ದನ್ನು ಎಷ್ಟು ಉಳಿಸಬೇಕು, ಎಷ್ಟನ್ನು ಬದಲಿಸಬೇಕು ಎಂಬ ಪ್ರಶ್ನೆ ಎರಡು ಕಡೆಯೂ ಒಂದೇ.

ಎರಡನೆಯ ಜಾಹೀರಾತಿಗೆ ಬಂದವನು ನಮ್ಮ ಊರಿನವನೇ ಆದ ಒಬ್ಬ ಯುವಕ. ತಾಂತ್ರಿಕ ಶಾಲೆಯೊಂದರಲ್ಲಿ ಫಿಟ್ಟರು ಕೆಲಸ ಕಲಿಸುವವನು. ಸೈಕಲನ್ನು ಎರಡು ಗಂಟೆ ನೋಡಿದ. ಏಳು ಸಾವಿರ ಕೊಡುತ್ತೇನೆಂದ. ನಾನು ಒಪ್ಪಿದೆ. ಆಮೇಲೆ ಅವನು ಸಂಕೋಚದಿಂದ, ‘ಸರ್, ಈ ಮಕ್ಕಳ ಸೀಟು ನನಗೆ ಬೇಡ. ಮೊದಲು ಹೇಗಿತ್ತೋ ಹಾಗೆ ಮಾಡಬೇಕೂಂತ ಉಂಟು. ತೆಗೆದು ನಿಮಗೇ ಕೊಡಲಾ?’ ಎಂದು ಕೇಳಿದ.

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಶಾಸನಗಳ ಕೊನೆಯಲ್ಲಿ, ಕೊಟ್ಟದ್ದನ್ನು ಕೆಡಿಸಿದವರಿಗೆ ಶಾಪವಿರುತ್ತದೆ. ಅದು ದಾನ. ದಾನ ಕೊಟ್ಟವನಿಗೆ ಮುಂದಿನದರ ಮೇಲೆ ಅಷ್ಟು ಹಕ್ಕನ್ನು ಹಿಂದಿನವರು ಉಳಿಸಿದ್ದರು. ಮಾರಿದವನಿಗೆ ಆ ಹಕ್ಕಿಲ್ಲ. ಹಣವನ್ನು ಎಣಿಸಿಕೊಂಡ ಕೈ ಷರತ್ತನ್ನು ಬರೆಯಬಾರದು. ‘ಮಾರು’ ಎಂಬ ನಮ್ಮ ಶಬ್ದಕ್ಕೆ ಮೂಲದಲ್ಲಿ ಬದಲಾಗು, ಬದಲಾಯಿಸು ಎಂಬ ಅರ್ಥ. ನೆರೆಯ ತಮಿಳಿನಲ್ಲಿ ಅದು ಈಗಲೂ ಹಾಗೆಯೇ ಇದೆ. ವಸ್ತುವನ್ನು ಮಾರಿದ ಮೇಲೆ ಅದು ಬದಲಾಗುವುದನ್ನು ಒಪ್ಪಿಕೊಳ್ಳಬೇಕು. ‘ತೆಗಿ’ ಎಂದೆ.

ತಿರುಪುಗಳು ಸುಲಭವಾಗಿ ಬಿಡಲಿಲ್ಲ. ಎಣ್ಣೆ ಬಿಟ್ಟು ಕಾದು, ಕೊನೆಗೆ ಅವನು ಸೀಟಿನ ಹಿಡಿಪಟ್ಟಿಯನ್ನು ಬಿಚ್ಚಿ ಎತ್ತಿದ. ಅದರ ಅಡಿಯಲ್ಲಿ, ಎರಡು ಬೆರಳು ಅಗಲದ ಜಾಗದಲ್ಲಿ, ಕಪ್ಪು ಬಣ್ಣ ಕನ್ನಡಿಯಂತಿತ್ತು. ಅದರ ನಡುವೆ ಚಿನ್ನದ ಗೆರೆ, ಎಳೆದ ದಿನದಂತೆ. ಬಿಸಿಲು, ಉಪ್ಪುಗಾಳಿ, ಮಳೆ ಯಾವುದೂ ಆ ಪಟ್ಟಿಯ ಒಳಗೆ ಹೋಗಿರಲಿಲ್ಲ. ಇಡೀ ಸೈಕಲಿನಲ್ಲಿ ಮೂಲದ ಬಣ್ಣ ಪೂರ್ಣವಾಗಿ ಉಳಿದಿದ್ದದ್ದು ಅಲ್ಲಿ ಮಾತ್ರ. ಯುವಕ ಜೇಬಿನಿಂದ ಉಕ್ಕಿನ ಅಳತೆಪಟ್ಟಿ ತೆಗೆದು ಗೆರೆಯ ಅಗಲವನ್ನು ಅಳೆದು ಬರೆದುಕೊಂಡ. ಉಳಿದ ಗೆರೆಗಳನ್ನು ಎಳೆಯಲು ಇದೇ ಮಾದರಿ ಸಾಕು, ಇದರ ಮೇಲೆ ಹೊಸ ಬಣ್ಣ ಬಳಿಯುವುದಿಲ್ಲ ಎಂದ. ನಾನು ಅದನ್ನು ಕೇಳಿರಲಿಲ್ಲ.

ಸೈಕಲು ಟೆಂಪೋದಲ್ಲಿ ಮಲಗಿ ಹೋಯಿತು. ಮಕ್ಕಳ ಸೀಟು ಹೊಸ ಮನೆಯ ಪುಸ್ತಕದ ಕಪಾಟಿನಲ್ಲಿ, ಲೆಕ್ಕದ ಪುಸ್ತಕದ ಪಕ್ಕದಲ್ಲಿದೆ. ಅದಕ್ಕೆ ಅಷ್ಟು ಸ್ಥಳ ಸಿಕ್ಕಿತು. ಬಂದವರು ಇದೇನೆಂದು ಕೇಳಿದರೆ, ನಮ್ಮ ತಂದೆಯವರು ಹತ್ತು ಕಂತಿನಲ್ಲಿ ಕೊಂಡ, ಅಸನ್‌ಸೋಲಿನಲ್ಲಿ ಮಾಡಿದ ಸೈಕಲಿನದು ಎಂದು ಹೇಳುತ್ತೇನೆ.